ಸ್ವರ್ಗದ ಬಾಗಿಲೂ ನೆಲದ ಆಸೆಯೂ

ಶಿರಾಳಕೊಪ್ಪದ ಪೇಟೆಯನ್ನು ಬಿಟ್ಟು ಬಳ್ಳಿಗಾವೆಯ ದಾರಿಯನ್ನು ಹಿಡಿದವರು ಬಹಳ ದೂರ ನಡೆಯಬೇಕಾಗಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಕೇದಾರೇಶ್ವರನ ಗುಡಿಯ ಶಿಖರಗಳು ಕಣ್ಣಿಗೆ ಬೀಳುತ್ತವೆ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರ ನಾಡಿಗೆ ರಾಜಧಾನಿಯಾಗಿದ್ದ ಊರು ಅದು. ಈಗ ಒಂದು ಸಾಧಾರಣವಾದ ಹಳ್ಳಿ. ಆ ಊರಿನಲ್ಲಿಯೂ ಸುತ್ತಣ ಶಿಕಾರಿಪುರ ಸೊರಬದ ಹಳ್ಳಿಗಳಲ್ಲಿಯೂ ವೀರಗಲ್ಲುಗಳಿಗೆ ಲೆಕ್ಕವೇ ಇಲ್ಲವೆನ್ನಬಹುದು. ಅವುಗಳ ಕಥೆಯನ್ನು ಓದುವುದಕ್ಕೆ ಅಕ್ಷರ ಬರಬೇಕೆಂಬ ನಿಯಮವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಮೇಲಕ್ಕೆ ಹೋಗುವುದು; ಮೇಲಿನ ಪಟ್ಟಿಕೆಯಲ್ಲಿ ಆತ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿರುವುದು. ಕೆಳಗಿನಿಂದ ಮೇಲಕ್ಕೆ ಮೂರೇ ಮೆಟ್ಟಿಲು; ಸ್ವರ್ಗಕ್ಕೆ ಹೋಗುವ ದಾರಿಯಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳ ತಂಡವೊಂದನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅವರಲ್ಲಿ ಒಬ್ಬ ಕ್ರೈಸ್ತರ ಹುಡುಗ. ಅಂಥ ಒಂದು ಕಲ್ಲಿನ ಮುಂದೆ ಆತ ಬಹಳ ಹೊತ್ತು ನಿಂತಿದ್ದು, "ಈತ ನಿಜವಾಗಿ ಎಲ್ಲಿಗೆ ಹೋದ?" ಎಂದು ಕೇಳಿದನು. ಉಳಿದವರು ನಕ್ಕರು, ಆತ ನಗಲಿಲ್ಲ. ತನ್ನ ವಂಶದಲ್ಲಿ ಮೊದಲು ದೀಕ್ಷಾಸ್ನಾನ ಪಡೆದವನು ತನ್ನ ತಾತನ ತಂದೆಯೆಂದೂ, ಆತನಿಗಿಂತ ಹಿಂದಿನವರೆಲ್ಲ ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತವರೆಂದೂ, ಅವರು ಎಲ್ಲಿಗೆ ಹೋದರೆಂಬುದಕ್ಕೆ ಮನೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲವೆಂದೂ ಮೆಲ್ಲಗೆ ಹೇಳಿದನು. ನಾವಾದರೂ ಏನು ಹೇಳಿದೆವು? ಶಾಸನದ ಲಿಪಿಯ ವಿಷಯವನ್ನೆತ್ತಿ ಮುಂದಿನ ಕಲ್ಲಿಗೆ ನಡೆದೆವು. ಅಧ್ಯಾಪಕರಿಗೆ ಈ ವಿದ್ಯೆ ಚೆನ್ನಾಗಿ ಸಿದ್ಧಿಸಿರುತ್ತದೆ. ಆ ದಿನ ಕೊಡದಿದ್ದ ಉತ್ತರದ ಸಾಲವನ್ನು ಇಂದಿನ ಭಾಷಣದಲ್ಲಿ ಒಂದಿಷ್ಟಾದರೂ ತೀರಿಸಬೇಕೆಂದು ನಮ್ಮ ಉದ್ದೇಶ.

ಹುಡುಗನ ಪ್ರಶ್ನೆ ನೋಡುವುದಕ್ಕೆ ಒಂದಾದರೂ ಅದರೊಳಗೆ ಎರಡು ಪ್ರಶ್ನೆಗಳಿವೆ. ಸ್ವರ್ಗಕ್ಕೆ ಹೋಗುವವರು ಯಾರು ಎಂಬುದು ಒಂದು. ಮನುಷ್ಯನ ಕಡೆಯ ಆಸೆ ಇರುವುದು ಮೇಲಣ ಲೋಕದಲ್ಲಿಯೋ ಈ ನೆಲದ ಮೇಲೆಯೋ ಎಂಬುದು ಇನ್ನೊಂದು. ಕ್ರೈಸ್ತಮತದ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಈ ಎರಡು ಪ್ರಶ್ನೆಗಳೂ ಒಂದನ್ನೊಂದು ಬಿಟ್ಟು ಹೋದುದಿಲ್ಲ. ನಮ್ಮ ಕನ್ನಡ ನಾಡಿನಲ್ಲಿಯಂತೂ ಇವೆರಡೂ ಒಮ್ಮೆ ಮುಖಾಮುಖಿಯಾಗಿ ನಿಂತದ್ದುಂಟು.

ಮೊದಲು ಕ್ರೈಸ್ತರ ಮೂಲಭಾವನೆಯನ್ನು ನೋಡೋಣ. ಸತ್ತ ಒಡನೆಯೇ ಆತ್ಮವು ದೇಹವೆಂಬ ಸೆರೆಮನೆಯಿಂದ ಹಾರಿ ಆಕಾಶವನ್ನು ಸೇರುತ್ತದೆಂಬುದೇ ಆ ಮತದ ಮುಖ್ಯವಾದ ಆಸೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಆದರೆ ಮೊದಲ ಕ್ರೈಸ್ತರ ಆಸೆ ಅದಲ್ಲ. ಅವರು ಎದುರುನೋಡಿದ್ದು ಸತ್ತವರ ಪುನರುತ್ಥಾನವನ್ನು. ಕ್ರಿಸ್ತನು ಮರಳಿ ಬಂದು ಭೂಮಿಯ ಮೇಲೆ ನ್ಯಾಯವನ್ನು ಸ್ಥಾಪಿಸುವುದನ್ನು. ಹೊಸ ಒಡಂಬಡಿಕೆಯ ಕಡೆಯ ಗ್ರಂಥವಾದ ಪ್ರಕಟನೆಯಲ್ಲಿ ಪವಿತ್ರನಗರವು ಮೇಲಿನಿಂದ ಭೂಮಿಗೆ ಇಳಿದು ಬರುತ್ತದೆ. ಮನುಷ್ಯರು ಮೇಲಕ್ಕೆ ಏರಿಹೋಗುವುದಿಲ್ಲ. ಅದೇ ಗ್ರಂಥದಲ್ಲಿಯೇ ಸಾವಿರ ವರ್ಷಗಳ ಆಳ್ವಿಕೆಯ ಮಾತೂ, ಹನ್ನೆರಡು ಕುಲಗಳಿಂದ ಮುದ್ರೆ ಹೊಂದಿದ 1,44,000 ಜನರ ಮಾತೂ, ಅವರಾದ ಮೇಲೆ ಯಾರೂ ಎಣಿಸಲಾರದ ಮಹಾಸಮೂಹದ ಮಾತೂ ಬರುತ್ತವೆ. ಎರಡನೆಯ ಶತಮಾನದಲ್ಲಿ ಗಾಲ್ ದೇಶದ ಲಿಯೋನಿನಲ್ಲಿ ಬಿಷಪ್ಪನಾಗಿದ್ದ ಐರೇನಿಯಸನು ಈ ಭೂಮಿಯೇ ಫಲವತ್ತಾಗಿ ಹೊಸದಾಗುವುದೆಂದು ಅಕ್ಷರಶಃ ನಂಬಿದ್ದನು. ರೋಮ್ ಚಕ್ರವರ್ತಿಗಳ ಹಿಂಸೆಗೆ ಗುರಿಯಾಗಿದ್ದ ಬಡಜನಕ್ಕೆ ಈ ನಂಬಿಕೆ ಎಷ್ಟು ಬಲವನ್ನು ಕೊಟ್ಟಿರಬೇಕೆಂಬುದನ್ನು ಊಹಿಸಬಹುದು.

ಕಾಲ ಬದಲಾಯಿತು. ಚಕ್ರವರ್ತಿಯೇ ಕ್ರೈಸ್ತನಾದ ಮೇಲೆ ರಾಜ್ಯವನ್ನು ಉರುಳಿಸುವ ಆಸೆ ಯಾರಿಗೆ ಬೇಕು? ಐದನೆಯ ಶತಮಾನದ ಮೊದಲಲ್ಲಿ ಸಂತ ಆಗಸ್ಟಿನ್, ಆ ಸಾವಿರ ವರ್ಷಗಳೆಂದರೆ ಸಭೆಯು ನಡೆದುಬರುತ್ತಿರುವ ಕಾಲವೇ ಹೊರತು ಮುಂದೆ ಬರಲಿರುವ ಬೇರೊಂದು ಆಳ್ವಿಕೆಯಲ್ಲವೆಂದು ವ್ಯಾಖ್ಯಾನ ಮಾಡಿದನು. ಅಲ್ಲಿಂದ ಮುಂದೆ ನೆಲದ ಆಸೆ ಹಿಂದಕ್ಕೆ ಸರಿದು, ಸತ್ತಮೇಲಣ ಗತಿಯ ಚಿಂತೆ ಮುಂದಕ್ಕೆ ಬಂದಿತು. ಸ್ವರ್ಗ, ನರಕ, ಶುದ್ಧೀಕರಣದ ಎಡೆ, ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳಿಗೆ ಒಂದು ಅಂಚಿನ ಲೋಕ, ಹೀಗೆ ಪರಲೋಕದ ಭೂಪಟವೇ ಸಿದ್ಧವಾಯಿತು. ಆ ಭೂಪಟದಲ್ಲಿ ತನ್ನ ಗುರುವೆಂದು ತಾನೇ ಒಪ್ಪಿಕೊಂಡ ವರ್ಜಿಲ್ ಕವಿಗೆ ಡಾಂಟೆ ಮಹಾಕವಿಯು ಕೊಡಬಲ್ಲವನಾದದ್ದು ನರಕದ ಮೊದಲನೆಯ ಸುತ್ತಿನಲ್ಲಿ, ಯಾತನೆಯಿಲ್ಲದ ಆದರೆ ಆಸೆಯೂ ಇಲ್ಲದ ಒಂದು ಸ್ಥಾನವನ್ನು ಮಾತ್ರ. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬ ಮೂರನೆಯ ಶತಮಾನದ ಸಿಪ್ರಿಯನ್ನನ ಮಾತು, 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯ ಕಟ್ಟಳೆಯಾಗಿ ನಿಂತಿತು.

ಈ ಕಟ್ಟಳೆ ದೂರದೇಶಗಳಿಗೆ ಹಡಗಿನಲ್ಲಿ ಪ್ರಯಾಣ ಮಾಡಿದಾಗ ಏನಾಯಿತೆಂಬುದಕ್ಕೆ ಒಂದು ನಿದರ್ಶನವುಂಟು. ಈಗ ಗೋವೆಯಲ್ಲಿ ಯಾರ ದೇಹವನ್ನು ಭಕ್ತರು ದರ್ಶಿಸುತ್ತಾರೆಯೋ ಆ ಫ್ರಾನ್ಸಿಸ್ ಕ್ಸೇವಿಯರ್ 1549ರಿಂದ 1551ರ ವರೆಗೆ ಜಪಾನಿನಲ್ಲಿ ಉಪದೇಶ ಮಾಡಿದನು. 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಹೊಸದಾಗಿ ಕ್ರೈಸ್ತರಾದ ಅಲ್ಲಿನ ಜನರು ತಮ್ಮ ತಂದೆತಾಯಿಗಳ ಗತಿಯನ್ನು ಕೇಳಿದರೆಂದೂ, ನರಕದಲ್ಲಿ ಬಿದ್ದವರಿಗೆ ಬಿಡುಗಡೆಯಿಲ್ಲವೆಂದು ತಿಳಿದು ಕಣ್ಣೀರಿಟ್ಟರೆಂದೂ, ಅದನ್ನು ಕಂಡು ತನಗೂ ದುಃಖವಾಯಿತೆಂದೂ ಆತನೇ ತಿಳಿಸಿದ್ದಾನೆ. ಅದಕ್ಕೂ ಎಂಟು ಶತಮಾನಗಳ ಹಿಂದೆ, ಯೂರೋಪಿನ ಫ್ರೀಸಿಯನ್ನರ ಅರಸ ರಾಡ್ಬೋಡನು ಸ್ನಾನದ ತೊಟ್ಟಿಯಲ್ಲಿ ಒಂದು ಕಾಲನ್ನಿಟ್ಟವನು, ತನ್ನ ಹಿರಿಯರು ಸ್ವರ್ಗದಲ್ಲಿಲ್ಲವೆಂಬುದನ್ನು ಕೇಳಿ ಆ ಕಾಲನ್ನು ಹಿಂದಕ್ಕೆಳೆದುಕೊಂಡನೆಂದು ಐತಿಹ್ಯವಿದೆ. ಬಳ್ಳಿಗಾವೆಯ ಕಲ್ಲಿನ ಮುಂದೆ ನಮ್ಮ ಹುಡುಗ ಕೇಳಿದ ಪ್ರಶ್ನೆ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಕನ್ನಡ ನಾಡಿಗೆ ಬರೋಣ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿನಲ್ಲಿ ನೆಲೆಸಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಬೆಳೆದವು. ಅವರಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗಿನವರು. ಆ ಸೀಮೆಯ ಭಕ್ತಪಂಥಕ್ಕೆ ಒಂದು ವಿಶೇಷವಿತ್ತು. ಆಗಸ್ಟಿನ್ ಮುಚ್ಚಿದ್ದ ಬಾಗಿಲನ್ನು ಅವರು ಮತ್ತೆ ತೆರೆದಿದ್ದರು. 1752ರಲ್ಲಿ ತೀರಿಕೊಂಡ ಬೆಂಗೆಲ್ ಎಂಬ ಅವರ ಪಂಡಿತನು ಪ್ರಕಟನೆಯ ಸಂಖ್ಯೆಗಳನ್ನು ಗುಣಿಸಿ, 1836ರಲ್ಲಿ ಮಹತ್ತಾದ ಬದಲಾವಣೆಯಾಗಿ ಕ್ರಿಸ್ತನ ಸಾವಿರ ವರ್ಷಗಳ ಕಾಲ ಹತ್ತಿರವಾಗುವುದೆಂದು ಲೆಕ್ಕ ಹಾಕಿಟ್ಟಿದ್ದನು. ಆ 1836 ಬಂದಿತು, ಹೋಯಿತು. ಲೋಕವು ಮೊದಲಿನಂತೆಯೇ ಇತ್ತು. ಅದೇ ವರ್ಷ ಆ ಸೀಮೆಯ ಹರ್ಮನ್ ಮೋಗ್ಲಿಂಗ್ ಎಂಬ ತರುಣ ಪಾದ್ರಿ ಭಾರತಕ್ಕೆ ಬಂದನು. 1843ರಲ್ಲಿ "ಮಂಗಳೂರ ಸಮಾಚಾರ"ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಗನಾದವನು ಈತನೇ.

ಈ ಪಾದ್ರಿಗಳು ಹುಬ್ಬಳ್ಳಿಯ ಸೀಮೆಯಲ್ಲಿ ಉಪದೇಶಕ್ಕೆ ತೊಡಗಿದಾಗ ಅವರ ಬಳಿಗೆ ಒಂದು ಪಂಗಡದ ಜನ ತಾವಾಗಿಯೇ ಬಂದರು. ಅವರು ಕಾಲಜ್ಞಾನದವರು. ಇವರು ಯಾರೆಂಬುದನ್ನು ತಿಳಿಯಬೇಕಾದರೆ ನಾವು ಪುನಃ ಬಳ್ಳಿಗಾವೆಗೆ ಹಿಂದಿರುಗಬೇಕಾಗುತ್ತದೆ. ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವೆಯಲ್ಲಿ. ಅಕ್ಕಮಹಾದೇವಿ ಹುಟ್ಟಿದ್ದು ಅದರ ನೆರೆಯ ಉಡುತಡಿಯಲ್ಲಿ. ಇಬ್ಬರೂ ಹೋಗಿ ಸೇರಿದ್ದು ಕಲ್ಯಾಣವನ್ನು. ಆ ಕಲ್ಯಾಣದ ಶರಣರಿಗೆ ವೀರಗಲ್ಲಿನ ಮೂರನೆಯ ಪಟ್ಟಿಕೆಯ ಸ್ವರ್ಗದಲ್ಲಿ ಹೆಚ್ಚು ಆದರವಿರಲಿಲ್ಲ. ಒಳ್ಳೆಯ ನಡೆನುಡಿಗಳಲ್ಲಿಯೇ ಸ್ವರ್ಗವನ್ನೂ, ದುಡಿಮೆಯಲ್ಲಿಯೇ ಕೈಲಾಸವನ್ನೂ ಕಂಡವರು ಅವರು. ಹನ್ನೆರಡನೆಯ ಶತಮಾನದ ಕ್ರಾಂತಿಯಲ್ಲಿ ಕಲ್ಯಾಣವು ಒಡೆದು, ಶರಣರು ದಿಕ್ಕುದಿಕ್ಕಿಗೆ ಚದುರಿದ ಮೇಲೆ, ಕಲ್ಯಾಣವು ಮುಗಿದುಹೋಗಲಿಲ್ಲ, ಅದು ಮರಳಿ ಬರುತ್ತದೆ ಎಂಬ ಆಸೆ ಜನರಲ್ಲಿ ಉಳಿಯಿತು. ಆ ಆಸೆಯೇ ಕಾಲಜ್ಞಾನವೆಂಬ ಸಾಹಿತ್ಯವಾಯಿತು. ವೀರವಸಂತರಾಯನೆಂಬ ಅರಸನು ಬರುವನು, ಕೆಟ್ಟ ಕಾಲ ಕಳೆಯುವುದು, ಕಲ್ಯಾಣವು ಪುನಃ ನೆಲೆಗೊಳ್ಳುವುದು ಎಂಬುದು ಅದರ ಸಾರಾಂಶ. ಅಲ್ಲಿ ಮನುಷ್ಯನು ಮೇಲಕ್ಕೆ ಹೋಗುವ ಮಾತಿಲ್ಲ. ಊರೊಂದು ಈ ನೆಲಕ್ಕೆ ಮರಳಿ ಬರುವ ಮಾತು.

ಹೀಗೆ ನೂರಾರು ವರ್ಷಗಳಿಂದ ಕಾದಿದ್ದ ಜನರಿಗೆ ಪಶ್ಚಿಮದಿಂದ ಬಂದು, ಒಬ್ಬ ಅರಸನು ಬರುತ್ತಾನೆ, ಆತನ ರಾಜ್ಯ ಸಮೀಪದಲ್ಲಿದೆ ಎಂದು ಸಾರುವ ಪಾದ್ರಿಗಳನ್ನು ಕಂಡಾಗ, ತಮ್ಮ ಗ್ರಂಥಗಳು ಹೇಳಿದ ಕಾಲ ಕೂಡಿಬಂದಿತೆಂದು ತೋರಿದ್ದರಲ್ಲಿ ಏನಾಶ್ಚರ್ಯ? ಇತ್ತ ಪಾದ್ರಿಗಳಿಗೂ, ಬೆಂಗೆಲ್ಲನ ಲೆಕ್ಕ ತಪ್ಪಿ ನಾಲ್ಕೈದು ವರ್ಷಗಳು ಮಾತ್ರ ಕಳೆದಿದ್ದ ಆ ಸಮಯದಲ್ಲಿ, ಇದು ದೇವರ ಕೈಕೆಲಸವೆಂದೇ ತೋರಿತು. ಮೋಗ್ಲಿಂಗನ ಉತ್ಸಾಹಕ್ಕಂತೂ ಮೇರೆಯಿರಲಿಲ್ಲ. ಈ ಜನರನ್ನು ಒಂದೆಡೆ ನೆಲೆಗೊಳಿಸಿ ಕ್ರೈಸ್ತರ ಊರೊಂದನ್ನು ಕಟ್ಟಬೇಕೆಂದು 1841ರಲ್ಲಿ ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಜಮೀನನ್ನು ಪಡೆದು ಬೇಸಾಯದ ನೆಲೆಯನ್ನು ಏರ್ಪಡಿಸಿದರು.

ಆ ಪ್ರಯತ್ನ ನಿಲ್ಲಲಿಲ್ಲ. ನಿರೀಕ್ಷಿಸಿದ ಜನ ಬಂದು ನೆಲೆಸಲಿಲ್ಲ. ಕೆಲವು ವರ್ಷಗಳಲ್ಲಿ ಆ ಊರಿನ ಕನಸು ಕರಗಿತು. ಒಂದು ಕಡೆಯವರು ವಂಚಕರೆಂದಾಗಲಿ, ಇನ್ನೊಂದು ಕಡೆಯವರು ಮೂಢರೆಂದಾಗಲಿ ಹೇಳಿ ಈ ಕಥೆಯನ್ನು ಮುಗಿಸುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಎರಡು ಆಸೆಗಳು ಒಂದೇ ಮಾತನ್ನಾಡಿ ಬೇರೆ ಬೇರೆ ಅರ್ಥವನ್ನು ಗ್ರಹಿಸಿದುವು. ಬರುವ ರಾಜ್ಯವೆಂಬುದನ್ನು ಈ ಜನರು ಕಲ್ಯಾಣವೆಂದು ತಿಳಿದರು. ಪಾದ್ರಿಗಳಾದರೋ ಆ ರಾಜ್ಯದ ಬಾಗಿಲಿನಲ್ಲಿ ಪಾಪದ ಅರಿಕೆಯನ್ನೂ ದೀಕ್ಷಾಸ್ನಾನವನ್ನೂ ಕೇಳಿದರು. ಹಿರಿಯರನ್ನೂ ಅವರ ನಂಬಿಕೆಯನ್ನೂ ಬಾಗಿಲ ಹೊರಗೆ ಬಿಟ್ಟು ಒಬ್ಬೊಬ್ಬರಾಗಿ ಒಳಕ್ಕೆ ಬನ್ನಿರೆಂದರು. ತಮ್ಮವರೊಂದಿಗೆ ಮರಳಿ ಬರಬೇಕಾದ ಊರನ್ನು ಕಾದವರಿಗೆ, ತಮ್ಮವರನ್ನು ಬಿಟ್ಟು ಹೋಗಬೇಕಾದ ಊರು ಹೇಗೆ ರುಚಿಸೀತು?

ಈ ವ್ಯತ್ಯಾಸವನ್ನು ನಮ್ಮ ಭಾಷೆಯೂ ಹೆಚ್ಚಿಸಿತೆಂದು ಹೇಳಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಚ್ಚಿದ ಕನ್ನಡ ಬೈಬಲು ಮುಂದೆ ಅನೇಕರ ಕೈಯಲ್ಲಿ ತಿದ್ದುಪಡಿ ಹೊಂದಿತು. ಮತ್ತಾಯನ ಸುವಾರ್ತೆಯಲ್ಲಿ ಬರುವ ಸ್ವರ್ಗದ ರಾಜ್ಯವೆಂಬ ಮಾತು ಕನ್ನಡದಲ್ಲಿ ಪರಲೋಕರಾಜ್ಯವೆಂದು ರೂಢಿಗೆ ಬಂದಿದೆ. ಇಂದ್ರನ ಅಮರಾವತಿಯನ್ನೂ ರಂಭೆ ಊರ್ವಶಿಯರನ್ನೂ ನೆನಪಿಗೆ ತರದ ಮಾತಾದ್ದರಿಂದ ಪರಲೋಕವೆಂಬುದಕ್ಕೆ ಒಂದು ಅನುಕೂಲವಿದೆ, ನಿಜ. ಆದರೆ ಮೂಲದಲ್ಲಿ ಸ್ವರ್ಗವೆಂಬುದು ದೇವರ ಹೆಸರನ್ನು ನೇರವಾಗಿ ಹೇಳಲೊಲ್ಲದ ಯೆಹೂದ್ಯರ ಮರ್ಯಾದೆಯ ಮಾತೆಂದೂ, ಇತರ ಸುವಾರ್ತೆಗಳ ದೇವರ ರಾಜ್ಯಕ್ಕೂ ಇದಕ್ಕೂ ಭೇದವಿಲ್ಲವೆಂದೂ ಪಂಡಿತರಲ್ಲಿ ಅನೇಕರು ಹೇಳುತ್ತಾರೆ. ಕನ್ನಡದಲ್ಲಿ ಪರಲೋಕವೆಂದರೆ ಸತ್ತವರು ಹೋಗುವ ಊರು. ಪರಲೋಕದ ರಾಜ್ಯ ಸಮೀಪಿಸಿತೆಂದು ಕೇಳಿದ ರೈತನು ತನ್ನ ಸಾವು ಹತ್ತಿರವಾಯಿತೆಂದು ತಿಳಿದರೆ ಅದು ಅವನ ತಪ್ಪಲ್ಲ. ಸ್ವರ್ಗದಲ್ಲಿರುವಂತೆ ಭೂಮಿಯಲ್ಲಿಯೂ ಆಗಲಿ ಎಂಬ ಅರ್ಥ ಬರುವ ಕ್ರಿಸ್ತನ ಪ್ರಾರ್ಥನೆಯನ್ನು ದಿನವೂ ಹೇಳುವವರಿಗೂ ಇದು ಮರೆತುಹೋಗಿರುವುದುಂಟು.

ಮಲ್ಲಸಮುದ್ರದ ಕಥೆಗೆ ಪ್ರತಿಯಾದ ಇನ್ನೊಂದು ಕಥೆ ಕೊಡಗಿನಲ್ಲಿದೆ. ಅದೇ ಮೋಗ್ಲಿಂಗನು 1850ರ ದಶಕದಲ್ಲಿ ಅಲ್ಲಿಗೆ ಹೋದನು. ಆಲ್ಮಂಡದ ಕೊಡವ ಮನೆತನವೊಂದರ ಸೋಮಯ್ಯನೆಂಬವನು 1853ರಲ್ಲಿ ಕ್ರೈಸ್ತನಾದ ಬಳಿಕ, ಆ ಕಡೆಯ ಹೊಲೆಯರು ಮೋಗ್ಲಿಂಗನ ಬಳಿಗೆ ಬಂದರು. ಅವರು ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದವರು. ಕುಂಪಣಿಯ ಸರ್ಕಾರವು 1843ರಲ್ಲಿಯೇ ಕಾನೂನಿನ ಮೂಲಕ ಗುಲಾಮಗಿರಿಗೆ ಮಾನ್ಯತೆಯನ್ನು ತಪ್ಪಿಸಿತ್ತಾದರೂ, ಸ್ವಂತ ನೆಲವಿಲ್ಲದವನಿಗೆ ಕಾಗದದ ಬಿಡುಗಡೆಯಿಂದ ಹೊಟ್ಟೆ ತುಂಬುವುದಿಲ್ಲ. ಅವರಿಗಾಗಿ ಆನಂದಪುರವೆಂಬ ಊರು ಹುಟ್ಟಿತು. ಅದು ಇಂದಿಗೂ ಇದೆ. ಮಲ್ಲಸಮುದ್ರ ಅಳಿದು ಆನಂದಪುರ ಉಳಿದುದೇಕೆ? ನಾವು ಊಹಿಸುವುದಿಷ್ಟು. ಕಾಲಜ್ಞಾನದವರಿಗೆ ಕಳೆದುಕೊಳ್ಳಲು ಒಂದು ಕುಲ, ಒಂದು ಪರಂಪರೆ, ತಮ್ಮದೇ ಆದ ಒಂದು ಆಸೆ ಇತ್ತು. ಆಲ್ಮಂಡದ ಜೀತದವರಿಗೆ ಸ್ವರ್ಗದ ಸುದ್ದಿ ಬಂದದ್ದು ನೆಲದ ಸುದ್ದಿಯೊಡನೆ. ಒಬ್ಬ ಮನುಷ್ಯನು ತನ್ನ ಮನೆಯಲ್ಲಿ ತಾನು ಮಲಗಬಹುದೆಂಬ ಸುದ್ದಿಯೊಡನೆ. ಹೊಟ್ಟೆಗಾಗಿ ಮತ ಬಿಟ್ಟರೆಂದು ಅಂಥವರನ್ನು ಹಳಿಯುವವರು, ಆ ಹೊಟ್ಟೆಯನ್ನು ಬರಿದಾಗಿಟ್ಟಿದ್ದವರು ಯಾರೆಂಬುದನ್ನೂ ಕೇಳಿಕೊಳ್ಳಬೇಕು.

ಪಶ್ಚಿಮದೇಶಗಳಲ್ಲಿಯೂ ಈ ಚರ್ಚೆ ನಿಂತಿಲ್ಲ. ಅಮೆರಿಕದಲ್ಲಿ 1879ರಿಂದ ಪತ್ರಿಕೆಯನ್ನು ಹೊರಡಿಸಿ ಚಾರ್ಲ್ಸ್ ಟೇಜ್ ರಸೆಲ್ ಎಂಬವನು ಬೆಳೆಸಿದ ಪಂಥವು 1931ರಲ್ಲಿ ಯೆಹೋವನ ಸಾಕ್ಷಿಗಳೆಂಬ ಹೆಸರನ್ನು ತಾಳಿತು. ಅವರು 1,44,000 ಎಂಬ ಸಂಖ್ಯೆಯನ್ನು ಅಕ್ಷರಶಃ ಗ್ರಹಿಸುತ್ತಾರೆ. ಕ್ರಿಸ್ತನೊಡನೆ ಸ್ವರ್ಗದಲ್ಲಿ ಆಳುವವರು ಅಷ್ಟು ಮಂದಿ ಮಾತ್ರ. ಉಳಿದ ಸಜ್ಜನರು ನಂದನವನವಾಗಿ ಮಾರ್ಪಟ್ಟ ಈ ಭೂಮಿಯ ಮೇಲೆಯೇ ಸಾವಿಲ್ಲದೆ ಬಾಳುವರು. ಎಣಿಸಲಾರದ ಆ ಮಹಾಸಮೂಹವೆಂದರೆ ಇವರೇ ಎಂದು 1935ರಿಂದ ಅವರ ಬೋಧೆ. ಎಂದೆಂದಿಗೂ ಉರಿಯುವ ನರಕವನ್ನು ಅವರು ಒಪ್ಪುವುದಿಲ್ಲ. ಇತರ ಕ್ರೈಸ್ತಸಭೆಗಳು ಈ ಲೆಕ್ಕವನ್ನು ಅಂಗೀಕರಿಸುವುದಿಲ್ಲ. ಸಂಖ್ಯೆಯನ್ನು ಪೂರ್ಣತೆಯ ಸಂಕೇತವೆಂದು ತಿಳಿಯುತ್ತವೆ. ಆದರೂ ಆಗಸ್ಟಿನ್ನನ ಕಾಲದಲ್ಲಿ ಹಿಂದಕ್ಕೆ ಸರಿದ ನೆಲದ ಆಸೆ ಎಂಥೆಂಥ ದಾರಿಗಳಲ್ಲಿ ಮರಳಿ ಬರುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಹಳೆಯ ದೊಡ್ಡ ಸಭೆಯೂ ನಿಂತಲ್ಲಿಯೇ ನಿಲ್ಲಲಿಲ್ಲ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ತಮ್ಮ ತಪ್ಪಿಲ್ಲದೆ ಕ್ರಿಸ್ತನ ಸುವಾರ್ತೆಯನ್ನು ಅರಿಯದೆ, ಆದರೂ ಪ್ರಾಮಾಣಿಕವಾದ ಹೃದಯದಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವರೂ ರಕ್ಷಣೆಯನ್ನು ಪಡೆಯಬಲ್ಲರೆಂದು ಸಾರಿತು. 1442ರ ಫ್ಲಾರೆನ್ಸಿನಿಂದ ಇಲ್ಲಿಗೆ ಬರಲು 522 ವರ್ಷಗಳು ಹಿಡಿದವು. 2007ರಲ್ಲಿ ರೋಮಿನ ದೈವಶಾಸ್ತ್ರಜ್ಞರ ಮಂಡಲಿಯು ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳ ವಿಷಯದಲ್ಲಿಯೂ ಆಸೆಯಿಡಲು ಬಲವಾದ ಕಾರಣಗಳಿವೆಯೆಂದು ಹೇಳಿತು. ಪ್ರಾಟೆಸ್ಟೆಂಟರಲ್ಲಿ ಈ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ.

ಹಾಗಾದರೆ ಹುಡುಗನಿಗೆ ಏನು ಹೇಳೋಣ? ಮೊದಲನೆಯದಾಗಿ, ಆ ಪ್ರಶ್ನೆ ಅವನ ಮತಕ್ಕೆ ದ್ರೋಹವಲ್ಲ. ಮೊದಲ ಕ್ರೈಸ್ತರನ್ನೂ ಅದೇ ಪ್ರಶ್ನೆ ಕಾಡಿತ್ತು. ಅವರ ಹಿರಿಯರೂ ಕ್ರಿಸ್ತನಿಗಿಂತ ಹಿಂದೆ ಸತ್ತವರೇ. ಶಿಲುಬೆಯ ಮೇಲೆ ಸತ್ತ ಕ್ರಿಸ್ತನು ಸತ್ತವರ ಲೋಕಕ್ಕೆ ಇಳಿದು ಹೋದನೆಂದು ಅವರ ವಿಶ್ವಾಸಪ್ರಮಾಣದಲ್ಲಿಯೇ ಸೇರಿದೆ. ಆದಿಪುರುಷನಾದ ಆದಾಮನನ್ನು ಆತ ಕೈಹಿಡಿದು ಮೇಲಕ್ಕೆತ್ತುವ ಚಿತ್ರವನ್ನು ಪೂರ್ವದೇಶದ ಸಭೆಗಳು ಇಂದಿಗೂ ಗುಡಿಗಳಲ್ಲಿ ಬರೆಯಿಸುತ್ತವೆ. ಎರಡನೆಯದಾಗಿ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಪ್ರಸಂಗವೊಂದಿದೆ. ಅಲ್ಲಿ ಬಲಗಡೆಗೆ ನಿಂತವರಿಗೆ ತಾವೇಕೆ ಅಲ್ಲಿ ನಿಂತೆವೆಂಬುದೇ ತಿಳಿಯದು. ಹಸಿದವರಿಗೆ ಅನ್ನವನ್ನು ಕೊಟ್ಟಿದ್ದಿರಿ, ರೋಗಿಗಳನ್ನು ನೋಡಿಕೊಂಡಿದ್ದಿರಿ ಎಂದು ಅವರಿಗೆ ಹೇಳಲಾಗುತ್ತದೆ. ಅವರನ್ನು ಕೇಳಿದ್ದು ನೆಲದ ಮೇಲೆ ಏನು ಮಾಡಿದಿರೆಂಬುದನ್ನು.

ಇಲ್ಲಿ ಬಳ್ಳಿಗಾವೆಯ ಇನ್ನೊಂದು ಶಾಸನ ನೆನಪಾಗುತ್ತದೆ. ಬಿಜ್ಜಳನ ಕಾಲದ 1162ರ ಆ ಬರಹವು ಕೇದಾರೇಶ್ವರ ದೇವಾಲಯದ ಕೋಡಿಯಮಠವನ್ನು ವರ್ಣಿಸುತ್ತದೆ. ನಾಲ್ಕು ವೇದಗಳಿಗೂ ಅನೇಕ ದರ್ಶನಗಳಿಗೂ ಅದು ಪಾಠಸ್ಥಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೂ, ಕ್ಷಪಣಕರೇ ಮುಂತಾದ ಅನ್ಯಮತದ ಭಿಕ್ಷುಗಳಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಪ್ರಾಣಿಗಳಿಗೆಲ್ಲ ಅಭಯವಿತ್ತು. ಅದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ಮಂತ್ರಿ ಬೌದ್ಧವಿಹಾರವೊಂದನ್ನೂ ಕಟ್ಟಿಸಿದ್ದನು. ಆ ಮಠದ ಬಾಗಿಲಿನಲ್ಲಿ ಹಸಿದವನ ಮತವನ್ನು ಕೇಳಿದರೆಂದು ಶಾಸನ ಹೇಳುವುದಿಲ್ಲ.

ಇನ್ನು ಆ ವೀರಗಲ್ಲುಗಳ ವೀರರು. ಈ ಸೀಮೆಯ ವೀರಗಲ್ಲುಗಳಲ್ಲಿ ಬಹಳಷ್ಟು ರಾಜರದಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತವರದು, ಹೆಂಗಸರ ಮಾನವನ್ನು ಉಳಿಸಲು ಕಾದಿದವರದು. ಶಿಲ್ಪಿಯು ಮೇಲಿನ ಪಟ್ಟಿಕೆಯಲ್ಲಿ ಅವರಿಗೆ ಕೈಲಾಸವನ್ನು ಕೊಟ್ಟಿದ್ದರೆ, ಅದಕ್ಕೆ ಕಾರಣವನ್ನು ಕೆಳಗಿನ ಪಟ್ಟಿಕೆಯಲ್ಲಿಯೇ ಕೆತ್ತಿದ್ದಾನೆ. ಮೇಲಿನದು ನಮ್ಮ ಕಣ್ಣಿಗೆ ಕಾಣದ ಲೋಕ. ಅದರ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೆ ಅಧಿಕಾರವಿಲ್ಲ. ಕೆಳಗಿನದು ನಾವು ಓದಬಲ್ಲ ಲೋಕ.

ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಈ ಮಾತುಗಳು ಅವನ ಕಿವಿಗೆ ಬಿದ್ದರೆ, ತನ್ನ ತಾತನ ತಂದೆಗಿಂತ ಹಿಂದಿನವರು ಯಾರ ಹೊಲವನ್ನು ಉತ್ತರು, ಯಾರ ಹಸಿವಿಗೆ ಆದರು, ಯಾರಿಗಾಗಿ ಅಡ್ಡ ನಿಂತರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ. ಅವರ ಹೆಸರಿನಲ್ಲಿ ಯಾರೂ ಕಲ್ಲು ನಿಲ್ಲಿಸಿಲ್ಲ. ಆ ಕೆಳಗಿನ ಪಟ್ಟಿಕೆಯನ್ನಾದರೂ ಅವನು ತುಂಬಬಹುದು.